ಪೆನ್ನಿನಂತೆ ಬ್ಯಾಟು ಹಿಡಿಯುವವನಿಗೆ ಎಂಥ ಹಲಗೆ?

ಒಂದು ಭಾನುವಾರ ಬೆಳಿಗ್ಗೆ ಹುಮನಾಬಾದಿನಿಂದ ಪಾಲಕರೊಬ್ಬರು ಮಗನನ್ನು ಕರೆದುಕೊಂಡು ಬಸವಕಲ್ಯಾಣದ ನಮ್ಮ ಮನೆಗೆ ಬಂದರು. ಅವರದು ಬಟ್ಟೆ ಹೊಲಿಯುವ ಅಂಗಡಿ. ಮಗ ಒಂಬತ್ತನೆಯ ತರಗತಿ. ಕೈಯಲ್ಲಿ ಒಂದು ಚೀಲ, ಚೀಲದಲ್ಲಿ ಪ್ಲಾಸ್ಟಿಕ್ ಕವರಿನಿಂದ ಇನ್ನೂ ಸರಿಯಾಗಿ ಹೊರಬರದ ಹೊಸ ಟೇಬಲ್ ಟೆನಿಸ್ ಬ್ಯಾಟು.

"ಸರ್, ಇದರಾಗ ನಂದು ಎರಡು ತಿಂಗಳ ಉಳಿತಾಯ ಹೋಗ್ಯಾದ್ರಿ. ಈಗ ನೋಡಿದ್ರ ಇವಾ ಇದು ಹಿಡಿಲಿಕ್ಕೇ ಬರಲ್ಲ ಅಂತಾನ. ನಾ ಏನ್ ಮಾಡಬೇಕು ಹೇಳ್ರಿ."

ಹುಡುಗ ತಲೆ ತಗ್ಗಿಸಿ ನಿಂತಿದ್ದ. ಕೈ ತೋರಿಸು ತಮ್ಮಾ ಎಂದೆ. ಬಲಗೈಯ ತೋರುಬೆರಳಿನ ಬುಡದಲ್ಲಿ ಗುಳ್ಳೆ ಎದ್ದು ಒಡೆದಿತ್ತು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮ ಕೆಂಪಾಗಿತ್ತು. ಇವನು ಪೆನ್ನಿನ ಹಿಡಿತದವನು ಎಂದು ಆಗಲೇ ಗೊತ್ತಾಯಿತು. ಅಂಗಡಿಯವನು ಕೊಟ್ಟದ್ದು ಕೈಕುಲುಕುವ ಹಿಡಿತದವರ ಬ್ಯಾಟು. ಅಂಗಡಿಯವನು ಕೇಳಲಿಲ್ಲ, ಇವರು ಹೇಳಲಿಲ್ಲ.

ಈ ಆಟ ಗೊತ್ತಿಲ್ಲದ ಪಾಲಕರಿಗಾಗಿ ಎರಡು ಮಾತು. ಟೇಬಲ್ ಟೆನಿಸ್ ಬ್ಯಾಟನ್ನು ಎರಡು ರೀತಿಯಲ್ಲಿ ಹಿಡಿಯುತ್ತಾರೆ. ಎದುರಿಗೆ ಬಂದವರ ಕೈ ಕುಲುಕುವಾಗ ಕೈ ಹೇಗೆ ಮುಂದೆ ಚಾಚುತ್ತೇವೋ ಹಾಗೆ ಹಿಡಿಯುವುದು ಶೇಕ್‌ಹ್ಯಾಂಡ್ ಹಿಡಿತ. ಪರೀಕ್ಷೆಯಲ್ಲಿ ಪೆನ್ನು ಹಿಡಿದಂತೆ, ಹೆಬ್ಬೆರಳು ಮತ್ತು ತೋರುಬೆರಳನ್ನು ಹಿಡಿಕೆಯ ಬುಡಕ್ಕೆ ಸುತ್ತಿ, ಉಳಿದ ಮೂರು ಬೆರಳನ್ನು ಹಲಗೆಯ ಬೆನ್ನಿಗೆ ಊರಿ, ಬ್ಯಾಟಿನ ತಲೆ ಕೆಳಮುಖವಾಗಿರುವಂತೆ ಹಿಡಿಯುವುದು ಪೆನ್‌ಹೋಲ್ಡ್ ಹಿಡಿತ. ಮೊದಲನೆಯದು ಯುರೋಪಿನಿಂದ ಬಂದದ್ದು, ಎರಡನೆಯದನ್ನು ಬೆಳೆಸಿದವರು ಜಪಾನ್, ಚೀನಾ, ಕೊರಿಯಾದವರು. ಬ್ಲೇಡ್ ಎಂದರೆ ರಬ್ಬರ್ ಅಂಟಿಸುವ ಮೊದಲಿನ ಬರಿಯ ಮರದ ಹಲಗೆ, ಹಿಡಿಕೆ ಸಮೇತ. ಬ್ಯಾಟಿನ ಗುಣದಲ್ಲಿ ದೊಡ್ಡ ಪಾಲು ಈ ಹಲಗೆಯದು. ರಬ್ಬರ್ ಸವೆದರೆ ಬದಲಾಯಿಸಬಹುದು, ಹಲಗೆಯ ಜೊತೆ ವರ್ಷಗಟ್ಟಲೆ ಬಾಳಬೇಕು.

ನಮ್ಮ ಕಡೆ ಈ ಹಿಡಿತ ಎಲ್ಲಿಂದ ಬಂತು ಎಂದು ಆಶ್ಚರ್ಯಪಡಬೇಕಾಗಿಲ್ಲ. ಶಾಲೆಯ ವರಾಂಡದಲ್ಲಿ ಒಂದೇ ಟೇಬಲ್, ಕಲಿಸುವವರು ಯಾರೂ ಇಲ್ಲ, ಮಕ್ಕಳು ಕೈಗೆ ಹೇಗೆ ಬಂತೋ ಹಾಗೆ ಹಿಡಿಯುತ್ತಾರೆ. ಹತ್ತರಲ್ಲಿ ಒಬ್ಬಿಬ್ಬರ ಕೈ ಪೆನ್ನಿನ ಹಿಡಿತಕ್ಕೆ ಹೋಗಿಬಿಡುತ್ತದೆ. ಈ ಹುಡುಗನೂ ಹಾಗೇ. ತಾಲ್ಲೂಕು ಮಟ್ಟದಲ್ಲಿ ಎರಡನೆಯವನಾಗಿ ಬಂದಿದ್ದ. ಅಲ್ಲಿ ಯಾರೋ ಹಿರಿಯರು "ಇದು ಹಳೇ ಕಾಲದ ಹಿಡಿತ, ಬಿಟ್ಟುಬಿಡು, ಈಗ ಯಾರೂ ಹೀಗೆ ಆಡುವುದಿಲ್ಲ" ಎಂದರಂತೆ. ತಂದೆ ಗಾಬರಿಯಾಗಿ, ಇದ್ದುದರಲ್ಲಿ ದುಬಾರಿಯದನ್ನೇ ಕೊಂಡರೆ ಸರಿಹೋದೀತು ಎಂದು ಕಾರ್ಬನ್ ಹಾಕಿದ ಬ್ಯಾಟು ತಂದಿದ್ದರು.

ಆ ಹಿರಿಯರ ಮಾತು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಈಗ ದೊಡ್ಡ ಪಂದ್ಯಗಳಲ್ಲಿ ಹೆಚ್ಚಿನವರು ಶೇಕ್‌ಹ್ಯಾಂಡ್ ಆಟಗಾರರೇ. ಆದರೆ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪುರುಷರ ಸಿಂಗಲ್ಸ್ ಕಂಚು ಗೆದ್ದ ಫ್ರಾನ್ಸಿನ ಫೆಲಿಕ್ಸ್ ಲೆಬ್ರನ್ ಪೆನ್ನಿನ ಹಿಡಿತದ ಹುಡುಗ, ಆಗ ಅವನಿಗಿನ್ನೂ ಹದಿನೇಳು ವರ್ಷ. 2022ರಲ್ಲಿ ಯುರೋಪಿನ ಚಾಂಪಿಯನ್ ಆದ ಜರ್ಮನಿಯ ಡಾಂಗ್ ಚಿಯು ಕೂಡ ಇದೇ ಹಿಡಿತದವನು. ಒಲಿಂಪಿಕ್ಸ್ ಸಿಂಗಲ್ಸ್ ಚಿನ್ನ ಗೆದ್ದವರ ಪಟ್ಟಿಯಲ್ಲಿ 1996ರ ಲಿಯು ಗುವೊಲಿಯಾಂಗ್, 2004ರ ಕೊರಿಯಾದ ರ್‍ಯೂ ಸುಂಗ್-ಮಿನ್, 2008ರ ಮಾ ಲಿನ್ ಮೂವರೂ ಪೆನ್ನಿನ ಹಿಡಿತದವರು. ಹಳೆಯದು ಹೌದು, ಸತ್ತದ್ದಲ್ಲ.

ನಮ್ಮ ದೇಶಕ್ಕೂ ಈ ಹಿಡಿತಕ್ಕೂ ಇರುವ ನಂಟನ್ನು ಇಲ್ಲಿ ಹೇಳಲೇಬೇಕು. 1952ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಏಷ್ಯಾದಲ್ಲಿ ಮೊದಲ ಬಾರಿಗೆ ನಡೆದದ್ದು ಮುಂಬಯಿಯಲ್ಲಿ. ಅಲ್ಲಿಗೆ ಜಪಾನಿನಿಂದ ಹಿರೋಜಿ ಸಾಟೋ ಎಂಬ ಆಟಗಾರ ಬಂದ. ಪೆನ್ನಿನ ಹಿಡಿತ, ಹಲಗೆಯ ಮೇಲೆ ದಪ್ಪನೆಯ ಸ್ಪಂಜು. ಅಲ್ಲಿಯವರೆಗೆ ಬ್ಯಾಟಿಗೆ ಚೆಂಡು ಬಿದ್ದರೆ ಟಕ್ ಎಂದು ಸದ್ದಾಗುತ್ತಿತ್ತು. ಎದುರಾಳಿಗಳು ಆ ಸದ್ದಿನಿಂದಲೇ ಹೊಡೆತದ ಬಿರುಸನ್ನು ಅಂದಾಜು ಮಾಡುತ್ತಿದ್ದರು. ಸಾಟೋನ ಬ್ಯಾಟಿನಿಂದ ಸದ್ದೇ ಇಲ್ಲ. ಯುರೋಪಿನ ಘಟಾನುಘಟಿಗಳು ಕಕ್ಕಾಬಿಕ್ಕಿಯಾಗಿ ಸೋತರು, ಸಾಟೋ ವಿಶ್ವ ಚಾಂಪಿಯನ್ ಆದ. ಅಲ್ಲಿಂದ ಎದ್ದ ಗದ್ದಲ ಅಡಗಲು ವರ್ಷಗಳೇ ಬೇಕಾದವು. 1959ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಬರಿಯ ಸ್ಪಂಜನ್ನು ನಿಷೇಧಿಸಿ, ರಬ್ಬರು ಸ್ಪಂಜು ಎರಡೂ ಸೇರಿ 4 ಮಿಲಿಮೀಟರ್ ಮೀರಬಾರದು ಎಂದು ನಿಯಮ ಮಾಡಿತು. ಆ ನಿಯಮ ಇಂದಿಗೂ ಇದೆ. ಅದಾದ ಮೇಲೆ 1987ರಲ್ಲಿ ದೆಹಲಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ನಡೆದಾಗಲೂ ಗೆದ್ದದ್ದು ಪೆನ್ನಿನ ಹಿಡಿತದ ಚೀನೀ ಆಟಗಾರ ಜಿಯಾಂಗ್ ಜಿಯಾಲಿಯಾಂಗ್. ಫೈನಲ್ಲಿನಲ್ಲಿ ಅವನು ಸೋಲಿಸಿದ್ದು ಸ್ವೀಡನ್ನಿನ ವಾಲ್ಡ್‌ನರ್‌ನನ್ನು.

ಹಾಗಾದರೆ ಹಿಡಿತ ಬದಲಿಸಬೇಕೇ ಬೇಡವೇ? ನನ್ನ ಅಭಿಪ್ರಾಯ ಇಷ್ಟು. ಮಗು ಎಂಟು ಒಂಬತ್ತು ವರ್ಷದ್ದು, ಈಗ ತಾನೇ ಆಡಲು ಶುರುಮಾಡಿದೆ, ಪೆನ್ನಿನ ಹಿಡಿತ ಬಲ್ಲವರು ಸುತ್ತಮುತ್ತ ಯಾರೂ ಇಲ್ಲ ಎಂದಾದರೆ ಶೇಕ್‌ಹ್ಯಾಂಡಿಗೆ ತಿರುಗಿಸುವುದು ಲೇಸು. ಪೆನ್ನಿನ ಹಿಡಿತದಲ್ಲಿ ಎಡಗಡೆಗೆ ಬಂದ ಚೆಂಡನ್ನು ಆಡುವುದು ಕಷ್ಟ, ಅದಕ್ಕೆ ಕಾಲು ಚುರುಕಾಗಿರಬೇಕು ಇಲ್ಲವೇ ಬ್ಯಾಟಿನ ಬೆನ್ನಿನಿಂದ ಹೊಡೆಯುವ ಹೊಸ ಕಲೆ ಬರಬೇಕು. ಆದರೆ ಹದಿನಾಲ್ಕು ವರ್ಷದ ಹುಡುಗ, ನಾಲ್ಕು ವರ್ಷ ಹೀಗೇ ಆಡಿ ತಾಲ್ಲೂಕಿನಲ್ಲಿ ಎರಡನೆಯವನಾಗಿದ್ದಾನೆ, ಅವನ ಸರ್ವೀಸು ಚೆನ್ನಾಗಿದೆ ಎಂದಾದರೆ, ಯಾರೋ ನಡುದಾರಿಯಲ್ಲಿ ಹೇಳಿದ ಒಂದು ಮಾತಿಗೆ ಕೈಯನ್ನೇ ಬದಲಾಯಿಸು ಎನ್ನುವುದು ನನಗೆ ಸರಿಕಾಣುವುದಿಲ್ಲ. ಎಡಗೈಯಲ್ಲಿ ಬರೆಯುವ ಮಕ್ಕಳಿಗೆ ನಮ್ಮ ಹಿಂದಿನ ಮಾಸ್ತರರು ಕೊಟ್ಟ ಕಾಟ ನೆನಪಾಗುತ್ತದೆ. ಹಿಡಿತ ಹಾಗೇ ಇರಲಿ, ಅದಕ್ಕೆ ತಕ್ಕ ಹಲಗೆ ಹುಡುಕೋಣ ಎಂದೆ.

ಮೊದಲು ಆ ಹೊಸ ಬ್ಯಾಟನ್ನು ನಮ್ಮ ಓಣಿಯ ಪತ್ತಾರರ ಅಂಗಡಿಗೆ ಒಯ್ದು ತೂಗಿಸಿದೆವು. 190 ಗ್ರಾಂ. ಪತ್ತಾರರು "ಬಂಗಾರ ಇದ್ದಿದ್ದರ ಛಲೋ ಇತ್ರಿ ಸರ್" ಎಂದು ನಕ್ಕರು. ಹುಡುಗನ ಹಳೆಯ ಶಾಲಾ ಬ್ಯಾಟು 150 ಗ್ರಾಂ ಇತ್ತು. ನಲವತ್ತು ಗ್ರಾಂ ಎಂದರೆ ಏನು ಮಹಾ, ಒಂದು ನಿಂಬೆಹಣ್ಣು ಎನ್ನಬೇಡಿ. ಮನೆಯಲ್ಲಿರುವ ಸುತ್ತಿಗೆ ತೆಗೆದುಕೊಳ್ಳಿ. ಹಿಡಿಕೆಯ ತುದಿ ಹಿಡಿದು ಮಣಿಕಟ್ಟಿನಿಂದ ಆ ಕಡೆ ಈ ಕಡೆ ಆಡಿಸಿ. ನಂತರ ಕಬ್ಬಿಣದ ತಲೆಯ ಹತ್ತಿರವೇ ಹಿಡಿದು ಆಡಿಸಿ. ತೂಕ ಅದೇ, ಆದರೆ ಮೊದಲನೆಯದರಲ್ಲಿ ಕೈ ಸೋಲುತ್ತದೆ. ತೂಕ ಎಷ್ಟಿದೆ ಎನ್ನುವುದರ ಜೊತೆಗೆ, ತಿರುಗುವ ಜಾಗದಿಂದ ಎಷ್ಟು ದೂರದಲ್ಲಿದೆ ಎನ್ನುವುದು ಮುಖ್ಯ. ದೂರ ಎರಡು ಪಟ್ಟಾದರೆ ತಿರುಗಿಸುವ ಕಷ್ಟ ನಾಲ್ಕು ಪಟ್ಟು. ಪೆನ್ನಿನ ಹಿಡಿತದವರು ಪ್ರತಿ ಹೊಡೆತದಲ್ಲೂ ಮಣಿಕಟ್ಟನ್ನು ತಿರುಗಿಸುತ್ತಾರೆ, ಬ್ಯಾಟನ್ನು ಎರಡು ಬೆರಳಿನ ಚಿಮಟದಲ್ಲಿ ಹೊತ್ತಿರುತ್ತಾರೆ. ಅಂಗೈಯ ಆಸರೆ ಅವರಿಗಿಲ್ಲ. ಆದ್ದರಿಂದ ಶೇಕ್‌ಹ್ಯಾಂಡಿನವನಿಗೆ ನಡೆಯುವ ತೂಕ ಇವರಿಗೆ ನಡೆಯುವುದಿಲ್ಲ.

ಎರಡನೆಯ ತೊಂದರೆ ಹಿಡಿಕೆಯದು. ಶೇಕ್‌ಹ್ಯಾಂಡ್ ಹಿಡಿಕೆ ಸುಮಾರು 10 ಸೆಂಟಿಮೀಟರ್ ಉದ್ದ. ಪೆನ್ನಿನ ಹಿಡಿತದಲ್ಲಿ ಅದು ಕೈಯ ಮೇಲಿನಿಂದ ಹೊರಗೆ ಚಾಚಿ, ಬ್ಯಾಟು ತಿರುಗಿಸಿದಾಗಲೆಲ್ಲ ಮಣಿಕಟ್ಟಿಗೆ ತಾಗುತ್ತದೆ. ಪೆನ್‌ಹೋಲ್ಡ್ ಹಲಗೆಯ ಹಿಡಿಕೆ ಎಂಟು ಸೆಂಟಿಮೀಟರ್ ಆಸುಪಾಸು. ಇಷ್ಟೇ ಆದರೆ ಎರಡು ಸೆಂಟಿಮೀಟರ್ ಗರಗಸದಿಂದ ಕೊಯ್ದರಾಯಿತಲ್ಲ ಎಂದು ಹುಡುಗನ ತಂದೆ ಕೇಳಿದರು. ದರ್ಜಿಯಲ್ಲವೇ, ಕತ್ತರಿಸುವುದೇ ಮೊದಲು ಹೊಳೆಯುತ್ತದೆ. ನಿಯಮದಲ್ಲಿ ಅಡ್ಡಿಯಿಲ್ಲ. ಬ್ಯಾಟಿನ ಗಾತ್ರ, ಆಕಾರ, ತೂಕ ಹೇಗಾದರೂ ಇರಬಹುದು, ಹಲಗೆ ಚಪ್ಪಟೆಯಾಗಿ ಗಟ್ಟಿಯಾಗಿರಬೇಕು, ದಪ್ಪದಲ್ಲಿ ನೂರಕ್ಕೆ ಕನಿಷ್ಠ 85 ಭಾಗ ನೈಸರ್ಗಿಕ ಮರವಾಗಿರಬೇಕು ಎಂದಷ್ಟೇ ನಿಯಮ ಹೇಳುತ್ತದೆ. ಹಗುರವಾದ ಅಗ್ಗದ ಬ್ಯಾಟಾದರೆ ಹೀಗೆ ಕೊಯ್ದು ಆಡಿಸಬಹುದು, ದುಡ್ಡಿಲ್ಲದವರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಆದರೆ ಹಿಂದಿನ ತುದಿಯ ಮರ ಹೋದರೆ ಸಮತೋಲದ ಬಿಂದು ಮುಂದಕ್ಕೆ ಸರಿಯುತ್ತದೆ, ತಲೆ ಇನ್ನಷ್ಟು ಭಾರವೆನಿಸುತ್ತದೆ. 190 ಗ್ರಾಂನ ಬ್ಯಾಟಿಗೆ ಈ ಮದ್ದು ನಾಟುವುದಿಲ್ಲ. ಬ್ಯಾಟನ್ನು ಪೆನ್ಸಿಲಿನ ಮೇಲೆ ಅಡ್ಡಲಾಗಿ ಇಟ್ಟು ಎಲ್ಲಿ ತೂಗಿ ನಿಲ್ಲುತ್ತದೆ ನೋಡಿ. ಎರಡು ಬ್ಯಾಟು ಹೋಲಿಸುವಾಗ, ಆ ಬಿಂದು ಹಿಡಿಕೆಯ ಬುಡಕ್ಕೆ ಯಾವುದರಲ್ಲಿ ಹತ್ತಿರವೋ ಅದೇ ಮಣಿಕಟ್ಟಿಗೆ ಹಿತ.

ಪೆನ್ನಿನ ಹಿಡಿತಕ್ಕೆಂದೇ ಮಾಡಿದ ಹಲಗೆಗಳಲ್ಲಿ ಎರಡು ಮನೆತನಗಳಿವೆ. ಚೀನೀ ಮಾದರಿ ನೋಡಲು ಸಾಮಾನ್ಯ ಬ್ಯಾಟಿನಂತೆಯೇ, ಹಿಡಿಕೆ ಮಾತ್ರ ಗಿಡ್ಡ. ಐದು ಅಥವಾ ಏಳು ಪದರಗಳ ತೆಳು ಮರವನ್ನು ಒಂದರ ಮೇಲೊಂದು ಅಂಟಿಸಿರುತ್ತಾರೆ, ಒಟ್ಟು ದಪ್ಪ ಸುಮಾರು ಆರು ಮಿಲಿಮೀಟರ್. ಜಪಾನ್ ಮತ್ತು ಕೊರಿಯಾದ ಮಾದರಿ ಹೆಚ್ಚಾಗಿ ಆಯತಾಕಾರ, ಹಿಡಿಕೆಯ ಒಂದು ಬದಿಗೆ ತೋರುಬೆರಳು ಸಿಕ್ಕಿಸಿಕೊಳ್ಳಲು ಕಾರ್ಕಿನ ಉಬ್ಬು. ಹಲಗೆ ಒಂದೇ ತುಂಡು ಮರದ್ದು, ಹಿನೋಕಿ ಎಂಬ ಜಪಾನಿನ ಸೈಪ್ರಸ್ ಮರ, ದಪ್ಪ ಒಂಬತ್ತು ಹತ್ತು ಮಿಲಿಮೀಟರ್. ರ್‍ಯೂ ಸುಂಗ್-ಮಿನ್ 2004ರಲ್ಲಿ ಅಥೆನ್ಸ್‌ನಲ್ಲಿ ಚಿನ್ನ ಗೆದ್ದದ್ದು ಇಂಥ ಹಲಗೆಯಿಂದ. ಚೀನೀ ಮಾದರಿಯಲ್ಲಿ ಎರಡೂ ಬದಿಗೆ ರಬ್ಬರ್ ಹಾಕಿ ಎರಡೂ ಬದಿಯಿಂದ ಹೊಡೆಯಬಹುದು. ಜಪಾನೀ ಮಾದರಿಯಲ್ಲಿ ಸಾಮಾನ್ಯವಾಗಿ ಒಂದೇ ಬದಿ.

ಇಲ್ಲಿ ಒಂದು ಲೆಕ್ಕ ಮಾಡೋಣ, ಏಕೆಂದರೆ ಇದೇ ಲೆಕ್ಕ ಮಾಡದೆ ನಾನು ಒಮ್ಮೆ ಮೋಸಹೋಗಿದ್ದೇನೆ. ಬಿ.ಎಸ್‌ಸಿ. ಓದುವಾಗ ಹಾಸ್ಟೆಲಿನಲ್ಲಿ ಪೆನ್ನಿನ ಹಿಡಿತದಲ್ಲೇ ಆಡುತ್ತಿದ್ದೆ. ಜಪಾನೀ ಬ್ಯಾಟಿನ ಚಿತ್ರವೊಂದನ್ನು ಪತ್ರಿಕೆಯಲ್ಲಿ ನೋಡಿ, ಒಂದೇ ಹಲಗೆಯಲ್ಲವೇ, ನಮ್ಮೂರ ಬಡಿಗರೇ ಮಾಡಿಯಾರು ಎಂದು ಒಳ್ಳೆಯ ಸಾಗುವಾನಿಯ ತುಂಡು ಕೊಟ್ಟು ಒಂಬತ್ತು ಮಿಲಿಮೀಟರ್ ದಪ್ಪಕ್ಕೆ ಮಾಡಿಸಿದೆ. ಏನು ಅಂದ, ಏನು ಹೊಳಪು! ಎರಡು ವಾರ ಆಡುವಷ್ಟರಲ್ಲಿ ಮುಂಗೈ ಹಿಡಿದುಕೊಂಡು, ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಬ್ಯೂರೆಟ್ಟಿನ ನಲ್ಲಿ ತಿರುಗಿಸಲೂ ಬರದಂತಾಯಿತು. ಬಡಿಗರ ತಪ್ಪಲ್ಲ, ಮರದ ತಪ್ಪೂ ಅಲ್ಲ. ಬ್ಯಾಟಿನ ಮುಖದ ವಿಸ್ತೀರ್ಣ ಸುಮಾರು 180 ಚದರ ಸೆಂಟಿಮೀಟರ್ ಎನ್ನಿ, ದಪ್ಪ 0.9 ಸೆಂಟಿಮೀಟರ್. ಗಾತ್ರ 162 ಘನ ಸೆಂಟಿಮೀಟರ್. ಹಿನೋಕಿಯ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 0.42 ಗ್ರಾಂ, ಆದ್ದರಿಂದ 68 ಗ್ರಾಂ. ಸಾಗುವಾನಿಯದು ಸುಮಾರು 0.65, ಆದ್ದರಿಂದ 105 ಗ್ರಾಂ. ಇದು ಹಿಡಿಕೆ, ರಬ್ಬರ್ ಬಿಟ್ಟು. ಬಾಗಿಲಿಗೆ ಒಳ್ಳೆಯ ಮರ ಬ್ಯಾಟಿಗೆ ಒಳ್ಳೆಯದಲ್ಲ.

ಹಾಗಾದರೆ ತೆಳ್ಳಗೆ ಮಾಡಿಸಬಹುದಿತ್ತಲ್ಲ ಎಂದು ಜಾಣ ವಿದ್ಯಾರ್ಥಿಗಳು ಕೇಳುತ್ತೀರಿ. ಕೇಳಬೇಕಾದದ್ದೇ. ಹಲಗೆ ಎಷ್ಟು ಬಿಗಿಯಾಗಿ ಬಾಗದೆ ನಿಲ್ಲುತ್ತದೆ ಎನ್ನುವುದು ದಪ್ಪದ ಘನಕ್ಕೆ ಅನುಗುಣ. ಒಂದೇ ಮರ, ದಪ್ಪ 6ರಿಂದ 9 ಮಿಲಿಮೀಟರಿಗೆ ಏರಿದರೆ ತೂಕ ಒಂದೂವರೆ ಪಟ್ಟು, ಬಿಗಿತ ಮಾತ್ರ 1.5 × 1.5 × 1.5, ಅಂದರೆ ಮೂರು ಪಟ್ಟಿಗೂ ಮಿಗಿಲು. ಹಗುರ ಮರವನ್ನು ದಪ್ಪವಾಗಿ ಬಳಸಿದರೆ ಕಡಿಮೆ ತೂಕದಲ್ಲಿ ಹೆಚ್ಚು ಬಿಗಿತ ಸಿಗುತ್ತದೆ. ಹಿನೋಕಿಯ ಗುಟ್ಟು ಇದೇ. ಮರ ಮೆತ್ತಗೆ, ಆದ್ದರಿಂದ ಚೆಂಡು ತಾಗಿದ ಕ್ಷಣ ಕೈಗೆ ಹಿತವಾಗಿ ತಿಳಿಯುತ್ತದೆ. ದಪ್ಪದಿಂದಾಗಿ ಬಿಗಿ, ಆದ್ದರಿಂದ ಚೆಂಡು ವೇಗವಾಗಿ ಚಿಮ್ಮುತ್ತದೆ. ಪದರದ ಹಲಗೆಯಲ್ಲಿ ಇದೇ ಕೆಲಸವನ್ನು ಬೇರೆ ರೀತಿ ಮಾಡುತ್ತಾರೆ. ನಡುವೆ ಅಯಸ್ ಅಥವಾ ಕಿರಿಯಂಥ ಹಗುರ ಮರದ ದಪ್ಪ ತಿರುಳು, ಹೊರಗೆ ಲಿಂಬಾ ಅಥವಾ ಕೋಟೋದಂಥ ಗಟ್ಟಿ ಮರದ ತೆಳು ಹೊದಿಕೆ, ನಡುವಿನ ಪದರಗಳ ನಾರು ಅಡ್ಡಡ್ಡ. ನಾರು ಅಡ್ಡ ಇರುವುದರಿಂದ ಹಲಗೆ ಸೀಳುವುದಿಲ್ಲ, ಸೊಟ್ಟಗಾಗುವುದೂ ಕಡಿಮೆ. ಮನೆಯ ಪ್ಲೈವುಡ್ಡಿನ ಅಂಚು ನೋಡಿದರೆ ಇದೇ ಉಪಾಯ ಕಾಣುತ್ತದೆ.

ಈಗ ಕಾರ್ಬನ್. ಮರದ ಪದರಗಳ ನಡುವೆ ಕಾರ್ಬನ್ ನಾರಿನ ತೆಳು ಹಾಳೆ ಇಟ್ಟರೆ ಹಲಗೆ ಬಿಗಿಯಾಗಿ ಚೆಂಡು ಗುಂಡಿನಂತೆ ಹೋಗುತ್ತದೆ. ಆ ಹಾಳೆ 0.35 ಮಿಲಿಮೀಟರ್ ಮೀರಬಾರದೆಂಬ ನಿಯಮವೂ ಇದೆ. ಕಲಿಯುವ ಹುಡುಗನಿಗೆ ಇದು ಬೇಡ. ಟೇಬಲ್ಲಿನ ಉದ್ದ 2.74 ಮೀಟರ್ ಮಾತ್ರ. ವೇಗ ಸಾಲದೆ ಸೋತ ಮಕ್ಕಳನ್ನು ನಾನು ಕಂಡದ್ದು ಕಡಿಮೆ, ಚೆಂಡು ಟೇಬಲ್ ದಾಟಿ ಹೋಗಿ ಸೋತವರೇ ಹೆಚ್ಚು.

ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಚೀನೀ ಮಾದರಿಯ, ಐದು ಪದರದ, ಪೂರ್ತಿ ಮರದ ಹಲಗೆ. ತೂಕ 75ರಿಂದ 85 ಗ್ರಾಂ ಒಳಗೆ. ಎರಡೂ ಬದಿ ರಬ್ಬರ್ ಹಾಕಿದ ಮೇಲೆ 165 ಗ್ರಾಂ ದಾಟದಿರಲಿ. ಅದಕ್ಕಾಗಿ ರಬ್ಬರಿನ ಸ್ಪಂಜು ತೆಳುವಾದದ್ದು ಇರಬೇಕು, ಬೆನ್ನಿನ ಬದಿಗಂತೂ ಇನ್ನೂ ತೆಳು. ಒಳ್ಳೆಯ ಹಿನೋಕಿಯ ಒಂಟಿ ಹಲಗೆ ದುಬಾರಿ, ಕೈಜಾರಿ ಟೇಬಲ್ ಅಂಚಿಗೆ ಬಡಿದರೆ ನಾರಿನುದ್ದಕ್ಕೂ ಬಿರುಕು ಬಿಡುತ್ತದೆ. ಬೀದರ ಜಿಲ್ಲೆಯ ಏಪ್ರಿಲ್ ಬಿಸಿಲು ಅದಕ್ಕೆ ಆಗಿಬರುವುದಿಲ್ಲ. ಯಾರಾದರೂ ಬಂಧುಗಳು ಕೊಟ್ಟರೆ ಬೇಡವೆನ್ನಬೇಡಿ, ನೀವಾಗಿ ಕೊಳ್ಳಲು ಹೋಗಬೇಡಿ.

ಕಂಪನಿಯ ಹೆಸರು ಹೇಳಿ ಎಂದು ಎಲ್ಲರೂ ಕೇಳುತ್ತಾರೆ. ಜಪಾನಿನ ಬಟರ್‌ಫ್ಲೈ, ಸ್ವೀಡನ್ನಿನ ಸ್ಟಿಗಾ, ಶಾಂಘೈನ ಡಬಲ್ ಹ್ಯಾಪಿನೆಸ್ ಎಲ್ಲರೂ ಪೆನ್‌ಹೋಲ್ಡ್ ಹಲಗೆ ಮಾಡಿದ್ದಾರೆ. ಹೆಸರಿಗಿಂತ ನಿಮ್ಮ ಕೈಗೆ ಬಂದ ಆ ಒಂದು ತುಂಡು ಮುಖ್ಯ. ಮರ ಬೆಳೆದದ್ದು, ಎರಕ ಹೊಯ್ದದ್ದಲ್ಲ. ಒಂದೇ ಹೆಸರಿನ ಎರಡು ಹಲಗೆಗಳ ನಡುವೆ ಐದಾರು ಗ್ರಾಂ ವ್ಯತ್ಯಾಸ ಸಾಮಾನ್ಯ. ಆನ್‌ಲೈನಿನಲ್ಲಿ ತರಿಸುವವರು ಮೊದಲೇ ತೂಕ ಬರೆದು ಕೇಳಬೇಕು. ಅದಕ್ಕಿಂತ ಹೈದರಾಬಾದ್, ಸೊಲ್ಲಾಪುರ, ಕಲಬುರಗಿ ಕಡೆ ಹೋಗುವ ಕೆಲಸವಿದ್ದಾಗ ಅಂಗಡಿಗೆ ಮಗುವನ್ನೂ ಕರೆದೊಯ್ಯಿರಿ. 2017ರಲ್ಲಿ ಬೀದರ–ಕಲಬುರಗಿ ರೈಲು ಮಾರ್ಗ ಶುರುವಾದ ಮೇಲೆ ಹುಮನಾಬಾದಿನವರಿಗೆ ಕಲಬುರಗಿ ಅಂಗಳದಷ್ಟು ಹತ್ತಿರ.

ಅಂಗಡಿಯಲ್ಲಿ ಏನು ನೋಡಬೇಕು? ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಅವ್ವಂದಿರು ಬೆರಳಿನಿಂದ ತಟ್ಟಿ ನೋಡುತ್ತಿದ್ದರಲ್ಲ, ಹಾಗೇ ಮಾಡಿ. ಹಿಡಿಕೆಯನ್ನು ಎರಡು ಬೆರಳಿನಲ್ಲಿ ಸಡಿಲವಾಗಿ ಹಿಡಿದು ಚೆಂಡಿನಿಂದ ಹಲಗೆಯ ನಡುವೆ ಕುಟ್ಟಿ ಕಿವಿಗೊಡಿ. ಸಮ ತೂಕದ ಎರಡು ಹಲಗೆಗಳಲ್ಲಿ ಸದ್ದು ಯಾವುದರದು ಎತ್ತರವೋ ಅದು ಹೆಚ್ಚು ಬಿಗಿ, ಹೆಚ್ಚು ವೇಗ. ತಗ್ಗು ದನಿಯದು ಮೃದು, ಹಿಡಿತಕ್ಕೆ ಸಿಗುವಂಥದು. ಕಲಿಯುವವರಿಗೆ ತಗ್ಗು ದನಿಯೇ ಒಳ್ಳೆಯದು. ದನಿ ಒಡಕಾಗಿದ್ದರೆ ಪದರ ಎಲ್ಲೋ ಬಿಟ್ಟಿದೆ, ಮರಳಿಸಿ. ಹಲಗೆಯನ್ನು ಅಂಗಡಿಯ ಗಾಜಿನ ಮೇಲೆ ಮಲಗಿಸಿ ಕೆಳಗೆ ಬೆಳಕು ತೂರುತ್ತದೆಯೇ ನೋಡಿ. ನಾರಿನ ಗೆರೆ ಹಿಡಿಕೆಯಿಂದ ತುದಿಗೆ ನೆಟ್ಟಗೆ ಹೋಗಿರಬೇಕು, ಗಂಟು ಇರಬಾರದು. ಕೊನೆಗೆ ಮಗು ಅದನ್ನು ಹಿಡಿದು ಹತ್ತು ನಿಮಿಷ ಸುಮ್ಮನೆ ನಿಲ್ಲಲಿ. ಅಂಗಡಿಯವರು ಬೇಸರಪಟ್ಟರೂ ಚಿಂತೆಯಿಲ್ಲ.

ಇನ್ನು ಯಾರೂ ಹೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ. ಹೊಸ ಪೆನ್‌ಹೋಲ್ಡ್ ಹಲಗೆಯ ಅಂಚು ಚೂಪು. ಕಾರ್ಖಾನೆಯವರು ಅದನ್ನು ಹೆಚ್ಚಾಗಿ ಹಾಗೇ ಬಿಡುತ್ತಾರೆ, ಏಕೆಂದರೆ ಪ್ರತಿಯೊಬ್ಬರ ಬೆರಳು ಬೇರೆ. ಅಂಚು ಉಜ್ಜಿಕೊಳ್ಳುವುದು ಕೊಂಡವರ ಪಾಲಿನ ಕೆಲಸ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಬೆರಳಿಗೆ ಪಟ್ಟಿ ಸುತ್ತಿಕೊಂಡು ಆಡುತ್ತಾರೆ. ಬ್ಯಾಟು ಹಿಡಿದು ಹತ್ತು ನಿಮಿಷ ಆಡಿ, ಎಲ್ಲಿ ಒತ್ತುತ್ತದೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ. ಹಿಡಿಕೆಯ ಎರಡೂ ಭುಜಗಳಲ್ಲಿ, ತೋರುಬೆರಳು ಸುತ್ತುವ ಕಡೆ ಮತ್ತು ಹೆಬ್ಬೆರಳು ಊರುವ ಕಡೆ ಗುರುತು ಬೀಳುತ್ತದೆ. 120 ನಂಬರಿನ ಪಾಲಿಶ್ ಪೇಪರನ್ನು ಒಂದು ದಪ್ಪ ಪೆನ್ನಿಗೆ ಸುತ್ತಿ, ಅಂಚನ್ನು ಮಾತ್ರ ದುಂಡಗೆ ಉಜ್ಜಿ. ಆಮೇಲೆ 240 ನಂಬರಿನಿಂದ ನಯ ಮಾಡಿ. ಒಂದೇ ದಿನ ಮುಗಿಸಬೇಡಿ. ಸ್ವಲ್ಪ ಉಜ್ಜಿ, ಒಂದು ದಿನ ಆಡಿ, ಮತ್ತೆ ಸ್ವಲ್ಪ. ಹೋದ ಮರ ಮರಳಿ ಬರುವುದಿಲ್ಲ. ರಬ್ಬರ್ ಅಂಟಿಸುವ ಮುಖವನ್ನು ಮುಟ್ಟಲೇಬೇಡಿ.

ರಬ್ಬರ್ ವಿಷಯದಲ್ಲಿ ನಿಯಮವೊಂದು ನಮ್ಮ ಮಕ್ಕಳಿಗೆ ಅನುಕೂಲ, ಇನ್ನೊಂದು ಅಪಾಯ. ಬೆರಳು ಹಿಡಿಯುವ ಜಾಗದಲ್ಲಿ, ಹಿಡಿಕೆಯ ಹತ್ತಿರ, ರಬ್ಬರ್ ಇಲ್ಲದಿದ್ದರೂ ನಡೆಯುತ್ತದೆ. ಇದು ಅನುಕೂಲ. ಆಟದಲ್ಲಿ ಬಳಸದ ಬದಿಗೆ ರಬ್ಬರ್ ಹಾಕದಿದ್ದರೆ ಆ ಬದಿಗೂ ಬಣ್ಣವಿರಬೇಕು, ಒಂದು ಬದಿ ಕಪ್ಪು ಇದ್ದರೆ ಇನ್ನೊಂದು ಎದ್ದು ಕಾಣುವ ಬೇರೆ ಬಣ್ಣ. ಮತ್ತು ಆ ಬೋಳು ಬದಿಯಿಂದ ಚೆಂಡು ಹೊಡೆದರೆ ಅಂಕ ಎದುರಾಳಿಗೆ. ಒಂದೇ ಬದಿ ರಬ್ಬರ್ ಇರುವ ಹುಡುಗ ಅವಸರದಲ್ಲಿ ಬೆನ್ನಿನಿಂದ ಹೊಡೆದು ಅಂಕ ಕಳೆದುಕೊಂಡು, ತೀರ್ಪುಗಾರರ ಜೊತೆ ಜಗಳಕ್ಕೆ ನಿಂತದ್ದನ್ನು ನೋಡಿದ್ದೇನೆ.

ಅಂಟಿನ ಬಗ್ಗೆ ಪಾಲಕರಿಗೆ ಒಂದು ಎಚ್ಚರಿಕೆ. ಸೈಕಲ್ ಪಂಕ್ಚರಿನ ಸೊಲ್ಯೂಶನ್ ಹಚ್ಚಿದರೆ ಬ್ಯಾಟು ಚಿಮ್ಮುತ್ತದೆ ಎಂದು ಹುಡುಗರು ಹೇಳಿಯಾರು. ಸುಳ್ಳಲ್ಲ. 1970ರ ದಶಕದಲ್ಲಿ ಯುರೋಪಿನ ಆಟಗಾರರೇ ಈ ಚಟ ಶುರುಮಾಡಿದ್ದು. ಅದರ ಆವಿ ಆರೋಗ್ಯಕ್ಕೆ ಕೆಟ್ಟದ್ದು, 2008ರಿಂದ ಇಂಥ ಅಂಟುಗಳಿಗೆ ನಿಷೇಧವಿದೆ. ನೀರಿನಲ್ಲಿ ಕಲಸಿದ ಟೇಬಲ್ ಟೆನಿಸ್ ಅಂಟು ಸಿಗುತ್ತದೆ, ಅದನ್ನೇ ಬಳಸಿ. ಬ್ಯಾಟನ್ನು ತಗಡಿನ ಮನೆಯಲ್ಲಿ, ಮೋಟರ್‌ಸೈಕಲ್ಲಿನ ಡಬ್ಬಿಯಲ್ಲಿ ಮಧ್ಯಾಹ್ನ ಬಿಡಬೇಡಿ.

ಹುಡುಗನ ತಂದೆ ಕೊನೆಗೆ ಮನಸ್ಸಿನಲ್ಲಿದ್ದದ್ದನ್ನು ಕೇಳಿದರು. "ಬರುವ ವರ್ಷ ಹತ್ತನೇತ್ತ ಅದಾನ್ರಿ ಸರ್. ಆಟ ಆಟ ಅಂತ ಓದು ಹಾಳಾದ್ರ?" ಬೆಂಗಳೂರಿನ ಅರ್ಚನಾ ಕಾಮತ್ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡಕ್ಕೆ ಆಡಿದರು, ತಂಡ ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ತಲುಪಿತು, ಆಮೇಲೆ ಅವರು ಓದಲೆಂದು ಅಮೆರಿಕಕ್ಕೆ ಹೋದರು ಎಂದು ಹೇಳಿದೆ. ಅವರಿಗೆ ಅದು ಸಮಾಧಾನ ತಂದಿತೋ ಹೊಸ ಗಾಬರಿ ತಂದಿತೋ ತಿಳಿಯಲಿಲ್ಲ. ಸಂಜೆ ಒಂದು ಗಂಟೆ ಆಡಲಿ, ಜನವರಿಯಿಂದ ಅರ್ಧ ಗಂಟೆ ಸಾಕು ಎಂದು ಹುಡುಗನ ಎದುರಿಗೇ ಗೊತ್ತುಮಾಡಿದೆವು.

ಮೂರು ವಾರದ ಮೇಲೆ ಅವರು ಬಟ್ಟೆ ತರಲು ಹೈದರಾಬಾದಿಗೆ ಹೋದಾಗ ಮಗನನ್ನೂ ಕರೆದೊಯ್ದು 82 ಗ್ರಾಂನ ಐದು ಪದರದ ಹಲಗೆ ತಂದರು. ಕಾರ್ಬನ್ ಬ್ಯಾಟಿನಲ್ಲಿದ್ದ ಕೆಂಪು ರಬ್ಬರನ್ನು ನಿಧಾನವಾಗಿ ಬಿಡಿಸಿ ಇದಕ್ಕೆ ಅಂಟಿಸಿದೆವು. ಹೊಸ ಹಲಗೆ ಕೆಲವು ಮಿಲಿಮೀಟರ್ ಉದ್ದವಿತ್ತು, ರಬ್ಬರ್ ಸಾಲದೆ ಬಂತು. ತುದಿಗೆ ಸರಿಹೊಂದಿಸಿ, ಸಾಲದ ಭಾಗವನ್ನು ಹಿಡಿಕೆಯ ಕಡೆ, ಬೆರಳಿನ ಜಾಗಕ್ಕೆ ಬಿಟ್ಟೆವು. ಬೆನ್ನಿಗೆ ತೆಳುವಾದ ಕಪ್ಪು ರಬ್ಬರ್ ಒಂದನ್ನು ಮಾತ್ರ ಹೊಸದಾಗಿ ಕೊಂಡದ್ದು. ಪತ್ತಾರರ ತಕ್ಕಡಿಯಲ್ಲಿ ಒಟ್ಟು 163 ಗ್ರಾಂ. ನಮ್ಮ ಕಟ್ಟೆಯ ಮೇಲೆ ಕೂತು ಹುಡುಗನೇ ಅಂಚು ಉಜ್ಜಿದ, ನಾನು ಮುಟ್ಟಲಿಲ್ಲ. ಮೊದಲ ವಾರ ಅವನ ಚೆಂಡು ನೆಟ್ಟಿಗೆ ಬೀಳುತ್ತಿತ್ತಂತೆ, ಭಾರದ ಬ್ಯಾಟಿಗೆ ಒಗ್ಗಿದ ಕೈ. ಈಗ ಸರಿಯಾಗಿದೆ, ಗುಳ್ಳೆ ಆರಿದೆ. ಬೆನ್ನಿನಿಂದ ಹೊಡೆಯುವುದನ್ನು ಮನೆಯ ಗೋಡೆಗೆ ಅಭ್ಯಾಸ ಮಾಡುತ್ತಿದ್ದಾನೆ, ನೂರರಲ್ಲಿ ನಲವತ್ತು ಹೋಗುತ್ತವೆ ಎಂದು ಲೆಕ್ಕ ಬರೆದು ತಂದಿದ್ದ.

ಕಾರ್ಬನ್ ಹಲಗೆ ಈಗ ಆರನೆಯ ತರಗತಿಯ ತಂಗಿಯ ಕೈಯಲ್ಲಿದೆ. ಅವಳದು ಶೇಕ್‌ಹ್ಯಾಂಡ್ ಹಿಡಿತ. ಒಂದು ರಬ್ಬರ್ ಹೋದದ್ದರಿಂದ ಬ್ಯಾಟು ಹಗುರವೂ ಆಗಿದೆ. ಆ ಬೋಳು ಬದಿಗೆ ರಬ್ಬರ್ ಯಾವಾಗ ಎಂದು ಅವಳು ದಿನಾ ಕೇಳುತ್ತಾಳಂತೆ. ದಸರೆಯ ಹೊಲಿಗೆ ಕೆಲಸ ಮುಗಿಯಲಿ ಎಂದಿದ್ದಾರೆ ಅವರಪ್ಪ.